ಹಳೆಯ ವಿಡಿಯೊ ಕ್ಯಾಸೆಟ್ ಕೊಳ್ಳುವ ಮುನ್ನ

ಹೆಚ್ಚು ಜನ ನೋಡದ, ಆದರೆ ನಿಮಗೆ ಅಚ್ಚುಮೆಚ್ಚಿನ ಚಿತ್ರವೊಂದರ ವಿಎಚ್‌ಎಸ್ ಎಂಬ ಹಳೆಯ ವಿಡಿಯೊ ಕ್ಯಾಸೆಟ್ ಪ್ರತಿಗಳನ್ನು ಹುಡುಕುತ್ತಿದ್ದೀರಾ? ಹೊದಿಕೆಯ ಅಂದಕ್ಕೆ ಮನಸೋಲುವ ಮೊದಲು ಕ್ಯಾಸೆಟ್ಟಿನ ಕಿಂಡಿಯನ್ನು ಬೆಳಕಿಗೆ ಹಿಡಿದು ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಪುಡಿಯಂತೆ ಕಂಡರೆ ಅದು ಬಹುಮಟ್ಟಿಗೆ ಬೂಷ್ಟು. ಅಂಥದ್ದನ್ನು ಪ್ಲೇಯರಿಗೆ ಹಾಕಲೇಬೇಡಿ. ಒಳಗೆ ಅಂಟಿಕೊಂಡು ಮುಂದಿನ ಒಳ್ಳೆಯ ಕ್ಯಾಸೆಟ್ಟಿಗೂ ಹರಡುತ್ತದೆ.

ಅವಧಿಯ ವಿಷಯದಲ್ಲಿ ಅನೇಕರು ಎಡವುತ್ತಾರೆ. ಒಂದು ಪ್ರತಿಯ ಮೇಲೆ 100 ನಿಮಿಷ, ಇನ್ನೊಂದರ ಮೇಲೆ 96 ನಿಮಿಷ ಎಂದಿದ್ದರೆ ದೃಶ್ಯ ಕತ್ತರಿಸಿದ್ದಾರೆಂದು ಕೂಡಲೇ ತೀರ್ಮಾನಿಸಬೇಡಿ. ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ಚಿತ್ರಿಸಿದ ಸಿನಿಮಾವನ್ನು ಪಾಲ್ ಎಂಬ ಟಿವಿ ಪದ್ಧತಿಯಲ್ಲಿ ಸಾಮಾನ್ಯವಾಗಿ 25ರ ವೇಗದಲ್ಲಿ ಓಡಿಸುತ್ತಾರೆ; ಆದ್ದರಿಂದ ಶೇ 4ರಷ್ಟು ಬೇಗ ಮುಗಿಯುತ್ತದೆ, ಧ್ವನಿಯ ಸ್ಥಾಯಿಯೂ ತುಸು ಏರಿರುತ್ತದೆ. ಎನ್‌ಟಿಎಸ್‌ಸಿ ಎಂಬ ಇನ್ನೊಂದು ಟಿವಿ ಪದ್ಧತಿಯ ಪ್ರತಿಯಲ್ಲಿ ಹೀಗಾಗುವುದಿಲ್ಲ. ವ್ಯತ್ಯಾಸ ಇದಕ್ಕಿಂತ ಹೆಚ್ಚಿದ್ದರೆ ಮಾತ್ರ ಎರಡನ್ನೂ ಅಕ್ಕಪಕ್ಕ ಇಟ್ಟು ದೃಶ್ಯ ದೃಶ್ಯವಾಗಿ ಹೋಲಿಸಿ. ಬೇರೆ ಪಠ್ಯ, ಬೇರೆ ಸಂಗೀತ, ಬೇರೆ ಮುಕ್ತಾಯ ಸಿಗುವುದು ಇಂಥ ಹೋಲಿಕೆಯಲ್ಲಿಯೇ, ಆ ಕ್ಷಣದ ಸಂತೋಷಕ್ಕೆ ಸಾಟಿಯಿಲ್ಲ. ನಿಮ್ಮ ಪ್ಲೇಯರ್ ಎರಡೂ ಪದ್ಧತಿಗಳನ್ನು ಓದುತ್ತದೆಯೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಿ.

ಅಗಲ ಪರದೆಯ ಚಿತ್ರಗಳ ಬಹಳಷ್ಟು ಕ್ಯಾಸೆಟ್‌ಗಳಲ್ಲಿ ಎರಡೂ ಬದಿಯನ್ನು ಕತ್ತರಿಸಿರುತ್ತಾರೆ. ಚಿತ್ರದ ಪೂರ್ತಿ ಅಗಲ ಉಳಿಸಿಕೊಂಡು, ಮೇಲೆ ಕೆಳಗೆ ಕಪ್ಪು ಪಟ್ಟಿ ಇರುವ ಪ್ರತಿ ಸಿಕ್ಕರೆ ಬಿಡಬೇಡಿ.

ತಂದ ಕೂಡಲೇ ಹಿಂಬದಿಯ ಪುಟ್ಟ ಪ್ಲಾಸ್ಟಿಕ್ ತುಂಡು ಇನ್ನೂ ಇದ್ದರೆ ಅದನ್ನು ಮುರಿಯಿರಿ, ಆಗ ತಪ್ಪಿ ಚಿತ್ರದ ಮೇಲೆ ಬೇರೇನೂ ರೆಕಾರ್ಡ್ ಆಗದು. ಪುಸ್ತಕದಂತೆ ನಿಲ್ಲಿಸಿಡಿ, ಸ್ಪೀಕರಿನಿಂದ ದೂರವಿಡಿ.