ಮಿದುಳಿನ ಗೆಡ್ಡೆಯ ಸ್ವರೂಪವನ್ನು ಎಂಆರ್‌ಐನಲ್ಲಿ ಗುರುತಿಸುವ ಕ್ರಮ

ಮಳವಳ್ಳಿಯಿಂದಲೋ ನಾಗಮಂಗಲದಿಂದಲೋ ಫಿಟ್ಸ್ ಬಂದು ಮೈಸೂರಿಗೆ ಕರೆತಂದ ರೋಗಿಯ ಮಿದುಳಿನಲ್ಲಿ, ಕಾಂಟ್ರಾಸ್ಟ್ (ಚಿತ್ರದಲ್ಲಿ ಗಂಟು ಎದ್ದು ಕಾಣಲೆಂದು ರಕ್ತನಾಳಕ್ಕೆ ಚುಚ್ಚುವ ಔಷಧ) ಕೊಟ್ಟ ಮೇಲೆ ಉಂಗುರದಂತೆ ಹೊಳೆಯುವ ಗಂಟೊಂದು ಕಂಡರೆ ಅದು ಗ್ಲಯೋಬ್ಲಾಸ್ಟೋಮಾ (ಮಿದುಳಿನಲ್ಲೇ ಹುಟ್ಟುವ ಉಗ್ರ ಕ್ಯಾನ್ಸರ್) ಆಗಿರಬಹುದು, ಬೇರೆ ಅಂಗದಿಂದ ಹರಡಿದ ಕ್ಯಾನ್ಸರ್ ಆಗಿರಬಹುದು, ಕೀವುಗಂಟಾಗಿರಬಹುದು, ನಮ್ಮ ಕಡೆ ಎಂದೂ ಮರೆಯಬಾರದ ಟ್ಯೂಬರ್ಕ್ಯುಲೋಮಾ (ಕ್ಷಯದ ಗಂಟು) ಕೂಡ ಆಗಿರಬಹುದು. ಮಾಮೂಲಿ ಟಿ1, ಟಿ2 ಚಿತ್ರಗಳು ಗಂಟಿನ ಜಾಗವನ್ನೂ ಗಾತ್ರವನ್ನೂ ತೋರಿಸುತ್ತವೆಯಾದರೂ ಈ ನಾಲ್ಕನ್ನು ಬೇರ್ಪಡಿಸಲು ಹಲವು ಸಲ ಸಾಲವು. ಆದ್ದರಿಂದ ಕಿರಿಯ ವೈದ್ಯರು ಫಾರಂನಲ್ಲಿ ‘ಎಂಆರ್‌ಐ ಬ್ರೈನ್’ ಎಂದಷ್ಟೇ ಬರೆಯದೆ, ತಮಗಿರುವ ಸಂದೇಹವನ್ನೇ ಬರೆಯಬೇಕು; ಯಾವ ಸೀಕ್ವೆನ್ಸ್ (ಎಂಆರ್‌ಐ ಚಿತ್ರದ ಬಗೆ) ಸೇರಿಸಬೇಕೆಂಬುದು ಅದರಿಂದಲೇ ತೀರ್ಮಾನವಾಗುತ್ತದೆ.

ಮೊದಲು, ನೀರಿನ ಅಣುಗಳ ಚಲನೆಯನ್ನು ತೋರಿಸುವ ಡಿಫ್ಯೂಷನ್ ಚಿತ್ರ ನೋಡಬೇಕು. ಉಂಗುರದ ಒಳಗಿನ ದ್ರವ ಇಲ್ಲಿ ಬೆಳ್ಳಗೆ, ಆ ಚಲನೆಯನ್ನು ಅಳೆದು ತೋರಿಸುವ ಎಡಿಸಿ ನಕ್ಷೆಯಲ್ಲಿ ಕಪ್ಪಗೆ ಕಂಡರೆ ಕೀವಿನ ಶಂಕೆ ಬಲವಾಗುತ್ತದೆ. ಗೆಡ್ಡೆಯ ನಡುವೆ ಸತ್ತ ಭಾಗದಲ್ಲಿ ನೀರಿನ ಅಣುಗಳು ಸಾಮಾನ್ಯವಾಗಿ ಸಲೀಸಾಗಿ ಚಲಿಸುವುದರಿಂದ ಎಡಿಸಿ ಹೆಚ್ಚಿರುತ್ತದೆ. ಘನಭಾಗದಲ್ಲೇ ಎಡಿಸಿ ತಗ್ಗಿದ್ದರೆ ಜೀವಕೋಶಗಳು ಒತ್ತೊತ್ತಾಗಿವೆ ಎಂದರ್ಥ, ಲಿಂಫೋಮಾ ಎಂಬ ಬಿಳಿರಕ್ತಕಣಗಳ ಕ್ಯಾನ್ಸರಿನಲ್ಲಿ ಇದು ಎದ್ದು ಕಾಣುತ್ತದೆ. ಎಡಿಸಿ ನಕ್ಷೆ ನೋಡದೆ ಬರೆದ ವರದಿಯನ್ನು ನಾನಂತೂ ನಂಬುವುದಿಲ್ಲ.

ಗಂಟಿನೊಳಗಿನ ರಾಸಾಯನಿಕಗಳನ್ನು ಅಳೆಯುವ ಸ್ಪೆಕ್ಟ್ರೋಸ್ಕೋಪಿಯನ್ನು ಸಾಧ್ಯವಾದಷ್ಟು ಕಾಂಟ್ರಾಸ್ಟ್‌ಗೆ ಮುಂಚೆಯೇ ಮುಗಿಸುವುದು ಒಳ್ಳೆಯದು. ವಾಕ್ಸೆಲನ್ನು (ಅಳತೆಗೆ ಆರಿಸಿಕೊಳ್ಳುವ ಪುಟ್ಟ ಜಾಗವನ್ನು) ಮೂಳೆ, ಗಾಳಿ, ರಕ್ತಸ್ರಾವ ಇವುಗಳಿಂದ ದೂರವಾಗಿ ಗಂಟಿನ ಘನಭಾಗದ ಮೇಲಿಡಬೇಕು. ಬರುವ ಗೆರೆಚಿತ್ರದ ಅಡ್ಡಗೆರೆಯ ಅಳತೆ ಪಿಪಿಎಂ; 3.2 ಪಿಪಿಎಂನಲ್ಲಿ ಕೋಲೀನ್ (ಕೋಶಪೊರೆಯ ರಾಸಾಯನಿಕ) ಏರಿ, 2.0ರಲ್ಲಿ ಎನ್‌ಎಎ (ಆರೋಗ್ಯವಂತ ನರಕೋಶಗಳ ಗುರುತು) ಕುಸಿದಿದ್ದರೆ ಗೆಡ್ಡೆಯ ಕಡೆಗೆ ವಾಲಬಹುದು, 1.3ರ ಬಳಿ ಎತ್ತರದ ಲಿಪಿಡ್ (ಕೊಬ್ಬಿನ) ಶಿಖರ ಟ್ಯೂಬರ್ಕ್ಯುಲೋಮಾವನ್ನು ನೆನಪಿಸುತ್ತದೆ, ಆದರೆ ಗ್ಲಯೋಬ್ಲಾಸ್ಟೋಮಾದ ಸತ್ತ ಭಾಗದಲ್ಲೂ ಲಿಪಿಡ್ ಇರುತ್ತದೆ.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು, ಗಂಟಿನ ರಕ್ತಪೂರೈಕೆಯನ್ನು ಅಳೆಯುವ ಪರ್ಫ್ಯೂಷನ್ ಬಳಿ. ಮೂತ್ರಪಿಂಡದ ಸ್ಥಿತಿಯನ್ನು ಮೊದಲೇ ಪರೀಕ್ಷಿಸಿಕೊಂಡು, ಮೊಣಕೈ ಬಳಿಯ ರಕ್ತನಾಳಕ್ಕೆ 18 ಅಥವಾ 20 ಗೇಜಿನ ಕ್ಯಾನುಲಾ ಹಾಕಿ, ಪವರ್ ಇಂಜೆಕ್ಟರ್‌ನಿಂದ ಸೆಕೆಂಡಿಗೆ 4–5 ಮಿ.ಲೀ. ವೇಗದಲ್ಲಿ ಗ್ಯಾಡೋಲಿನಿಯಂ ಕಾಂಟ್ರಾಸ್ಟ್ ಕೊಡಬೇಕು. ವಾರ್ಡಿನಲ್ಲಿ ಅಂಗೈ ಹಿಂಬದಿಗೆ ಚುಚ್ಚಿ ಕಳಿಸಿದ ಸಣ್ಣ ಕ್ಯಾನುಲಾದಿಂದ ಈ ವೇಗ ಬರುವುದಿಲ್ಲ. ಔಷಧ ನಿಧಾನವಾಗಿ ಹರಿದರೆ ನಕ್ಷೆಯೇ ಕೆಡುತ್ತದೆ. ಗಂಟಿನಲ್ಲಿರುವ ರಕ್ತದ ಪ್ರಮಾಣವನ್ನು ಮಿದುಳಿನ ಎದುರು ಬದಿಯ ಆರೋಗ್ಯವಂತ ಬಿಳಿದ್ರವ್ಯದೊಂದಿಗೆ (ನರತಂತುಗಳ ಭಾಗ) ಹೋಲಿಸಿ ಅನುಪಾತ ತೆಗೆಯಬೇಕು. 1.75ಕ್ಕಿಂತ ಮೇಲಿದ್ದರೆ ಉನ್ನತ ದರ್ಜೆಯ, ಅಂದರೆ ಹೆಚ್ಚು ಉಗ್ರವಾದ, ಗ್ಲಯೋಮಾ (ಮಿದುಳಿನ ಪೋಷಕ ಕೋಶಗಳ ಗೆಡ್ಡೆ) ಎಂಬ ಮಾತು ಬಳಕೆಯಲ್ಲಿದೆ, ಆದರೆ ಆಲಿಗೋಡೆಂಡ್ರೋಗ್ಲಯೋಮಾ ಎಂಬ ಬಗೆಯ ಗ್ಲಯೋಮಾ ಕೆಳದರ್ಜೆಯದಾಗಿದ್ದರೂ ಈ ಗೆರೆಯನ್ನು ಆಗಾಗ ದಾಟುತ್ತದೆ. ಉಂಗುರವನ್ನಷ್ಟೇ ಅಳೆದು ಬಿಡದೆ ಸುತ್ತಲಿನ ಊತವನ್ನೂ ಅಳೆಯಬೇಕು: ಗ್ಲಯೋಬ್ಲಾಸ್ಟೋಮಾದ ಕೋಶಗಳು ಆ ಊತದೊಳಕ್ಕೂ ನುಗ್ಗಿರುವುದರಿಂದ ಅಲ್ಲಿ ಅನುಪಾತ ಏರಿರುತ್ತದೆ, ಹರಡಿ ಬಂದ ಕ್ಯಾನ್ಸರಿನ ಸುತ್ತ ಇರುವುದು ಬಹುಮಟ್ಟಿಗೆ ಬರೀ ನೀರು.

ರೇಡಿಯೋಥೆರಪಿ ಮುಗಿದ ಮೊದಲ 3 ತಿಂಗಳಲ್ಲಿ ಹೊಳಪು ಹೆಚ್ಚಿದರೆ, ಗೆಡ್ಡೆ ಬೆಳೆಯಿತೆಂದು ಅವಸರದಲ್ಲಿ ಬರೆಯಬಾರದು. ರಕ್ತದ ಪ್ರಮಾಣದ ಅನುಪಾತ ತಗ್ಗಿದ್ದರೆ ಅದು ಚಿಕಿತ್ಸೆಯ ಪರಿಣಾಮವೇ ಇರಬಹುದು.

ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣದಂತೆ ಗ್ಲಯೋಮಾದ ಹೆಸರು ಐಡಿಎಚ್‌ನಂಥ ಜೀನ್ ಪರೀಕ್ಷೆಗಳನ್ನೂ ಅವಲಂಬಿಸಿರುವುದರಿಂದ ಬಯಾಪ್ಸಿ (ಗಂಟಿನ ತುಣುಕು ತೆಗೆದು ಪರೀಕ್ಷಿಸುವುದು) ಹೇಗೂ ಬೇಕು. ರಕ್ತದ ಪ್ರಮಾಣ ಅತಿ ಹೆಚ್ಚಿರುವ ಜಾಗ ಯಾವುದೆಂದು ವರದಿಯಲ್ಲಿ ಬರೆದರೆ ಶಸ್ತ್ರಚಿಕಿತ್ಸಕರಿಗೆ ಅನುಕೂಲ. ರೋಗಿಯನ್ನು ಬೆಂಗಳೂರಿನ ನಿಮ್ಹಾನ್ಸ್‌ಗೆ ಕಳಿಸುವುದಾದರೆ ಫಿಲ್ಮಿನ ಜೊತೆ ಪೂರ್ತಿ ಸ್ಕ್ಯಾನ್ ಇರುವ ಸಿ.ಡಿ.ಯನ್ನೂ ಮನೆಯವರ ಕೈಗೆ ಕೊಡಬೇಕು, ಏಕೆಂದರೆ ಫಿಲ್ಮಿನಿಂದ ಪರ್ಫ್ಯೂಷನ್ ಅನ್ನು ಮತ್ತೆ ಅಳೆಯಲಾಗುವುದಿಲ್ಲ.