ಗೆರೆ ಎಳೆಯುವ ಮೊದಲು ಕಣ್ಣಿನ ಮಟ್ಟ ಹುಡುಕಿ

ಬಿಸಿನೀರಿನ ಸ್ನಾನ ಆದ ಮೇಲೆ ಬಚ್ಚಲುಮನೆಯ ಕನ್ನಡಿ ಮೇಲೆ ಹಬೆ ಕೂತಿರುತ್ತದೆ ಅಲ್ವಾ? ಒಂದು ಕಣ್ಣು ಮುಚ್ಚಿಕೊಂಡು, ಅದರಲ್ಲಿ ಕಾಣುವ ನಿಮ್ಮ ಮುಖದ ಸುತ್ತ ಬೆರಳಿನಿಂದ ಗೆರೆ ಎಳೆಯಿರಿ. ಆಮೇಲೆ ಅದನ್ನು ಗೇಣಿನಲ್ಲಿ ಅಳೆದು ನೋಡಿ. ನಿಜವಾದ ಮುಖದ ಅರ್ಧ ಉದ್ದ, ಅರ್ಧ ಅಗಲ, ಅಷ್ಟೇ. ಕೈ ಚಾಚಿ ಹಿಂದೆ ಸರಿದು ಎಳೆದರೂ ಅರ್ಧವೇ. ದಿನಾ ಅದೇ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತೇವೆ, ಮುಖ ಚಿಕ್ಕದಾಗಿ ಕಾಣುತ್ತಿದೆ ಅಂತ ಯಾರಿಗೂ ಅನ್ನಿಸುವುದಿಲ್ಲ. ಮುಖ ಎಷ್ಟು ದೊಡ್ಡದು ಅಂತ ಮೆದುಳಿಗೆ ಗೊತ್ತು, ಕಣ್ಣು ಕೊಟ್ಟ ಅಳತೆಯನ್ನು ಅದು ನಮ್ಮನ್ನು ಕೇಳದೆಯೇ ತಿದ್ದಿಬಿಡುತ್ತದೆ.

ಚಿತ್ರ ಬಿಡಿಸುವವರಿಗೆ ತಲೆನೋವು ಇದೇ. ದೂರದ್ದನ್ನು ಚಿಕ್ಕದಾಗಿ ತೋರಿಸುವ ಪರ್ಸ್ಪೆಕ್ಟಿವ್ ನಿಯಮ ಬಹಳ ಜನಕ್ಕೆ ಶಾಲೆಯಲ್ಲೇ ಬಂದುಹೋಗಿರುತ್ತದೆ: ರೈಲು ಹಳಿ ದೂರದಲ್ಲಿ ಒಂದು ಚುಕ್ಕೆಗೆ ಸೇರುತ್ತದೆ, ಅದು ವ್ಯಾನಿಶಿಂಗ್ ಪಾಯಿಂಟ್, ಈಗ ಒಂದು ಡಬ್ಬಿ ಬಿಡಿಸು, ಒಂದು ಮನೆ ಬಿಡಿಸು. ನಾನೂ ಹಾಳೆಗಟ್ಟಲೆ ಡಬ್ಬಿ ಬಿಡಿಸಿದವನೇ. ಆದರೆ ಬೀದಿಯಲ್ಲಿ ಸ್ಕೆಚ್‌ಬುಕ್ ಹಿಡಿದು ಕೂತರೆ ಆ ಚುಕ್ಕೆಯನ್ನು ಯಾರೂ ಗುರುತು ಮಾಡಿ ಇಟ್ಟಿರುವುದಿಲ್ಲ. ನನಗೆ ಇದೆಲ್ಲ ಸರಿಯಾಗಿ ತಲೆಗೆ ಹತ್ತಿದ್ದು ಹಂಪಿಯಲ್ಲಿ.

ವಿರೂಪಾಕ್ಷ ಬಜಾರು ನೋಡಿದವರಿಗೆ ಗೊತ್ತು. ದೇವಸ್ಥಾನದ ಮುಂದಿನಿಂದ ಎದುರು ಬಸವಣ್ಣನ ತನಕ ಸುಮಾರು ಮುಕ್ಕಾಲು ಕಿಲೋಮೀಟರ್ ನೇರ ಬೀದಿ, ಎರಡೂ ಕಡೆ ಸಾಲಾಗಿ ಕಲ್ಲಿನ ಮಂಟಪಗಳು. ಪರ್ಸ್ಪೆಕ್ಟಿವ್ ಕಲಿಯಲು ಇದಕ್ಕಿಂತ ಒಳ್ಳೆ ಜಾಗ ನಾನಂತೂ ನೋಡಿಲ್ಲ. ಗೋಪುರದ ಮುಖಕ್ಕೆ ಬಿಸಿಲು ಬೀಳುವುದು ಬೆಳಿಗ್ಗೆ, ಹಾಗಾಗಿ ಬೆಳಿಗ್ಗೆಯೇ ಹೋಗಿ, ಅದರ ಕಡೆ ಮುಖ ಮಾಡಿ ನೆಲದ ಮೇಲೆ ಕೂತೆ.

ಮೊದಲ ಕೆಲಸ, ಕಣ್ಣಿನ ಮಟ್ಟ ಕಂಡುಹಿಡಿಯುವುದು. ಸ್ಕೆಚ್‌ಬುಕ್ಕನ್ನು ಅಡ್ಡಡ್ಡ ಮಲಗಿಸಿ ಮುಖದ ಮುಂದೆ ಹಿಡಿಯಿರಿ. ಮೇಲಿನ ರಟ್ಟು ಕಂಡರೆ ಇನ್ನೂ ಸ್ವಲ್ಪ ಎತ್ತಿ, ಕೆಳಗಿನ ರಟ್ಟು ಕಂಡರೆ ಇಳಿಸಿ. ಎರಡೂ ಕಾಣದೆ ಬರೀ ಅಂಚು ಕಾಣುತ್ತದಲ್ಲ, ಆ ಅಂಚು ಎದುರಿನ ದೃಶ್ಯವನ್ನು ಎಲ್ಲಿ ಕತ್ತರಿಸುತ್ತದೋ ಅದೇ ನಿಮ್ಮ ಮಟ್ಟ. ಹಾಳೆಯ ಈ ತುದಿಯಿಂದ ಆ ತುದಿಗೆ ಅದನ್ನು ತೆಳುವಾಗಿ ಎಳೆದುಬಿಡಿ. ಹರೈಸನ್ ಲೈನ್ ಅಂತ ಕರೆಯುವುದು ಇದನ್ನೇ. ಆ ಹೆಸರು ಕೇಳಿ ತುಂಬಾ ಜನ ದೂರದ ಬೆಟ್ಟದ ತುದಿಯಲ್ಲೋ ಆಕಾಶದ ಅಂಚಿನಲ್ಲೋ ಅದನ್ನು ಹುಡುಕುತ್ತಾರೆ. ಬೆಟ್ಟಕ್ಕೂ ಅದಕ್ಕೂ ಸಂಬಂಧ ಇಲ್ಲ.

ಈ ಒಂದು ಗೆರೆ ಬಿದ್ದ ಮೇಲೆ ಅರ್ಧ ಕೆಲಸ ಮುಗಿದ ಹಾಗೆ. ಮಂಟಪದ ಮೇಲಿನ ಚಪ್ಪಡಿಯ ಅಂಚು ಗೆರೆಗಿಂತ ಮೇಲಿದೆ, ಹಾಗಾಗಿ ದೂರ ಹೋದಂತೆ ಇಳಿಯುತ್ತದೆ. ಕಂಬದ ಬುಡ ಗೆರೆಗಿಂತ ಕೆಳಗಿದೆ, ಹಾಗಾಗಿ ಏರುತ್ತದೆ. ಎರಡೂ ಸೇರುವ ಜಾಗ ಗೋಪುರದ ಬಾಗಿಲಿನ ಹತ್ತಿರ, ಗೆರೆಯ ಮೇಲೇ ಸಿಕ್ಕಿತು. ಜನರದ್ದು ಇನ್ನೂ ಮಜಾ. ನೆಲದಲ್ಲಿ ಕೂತ ನನ್ನ ಕಣ್ಣು ನಿಂತವರ ಸೊಂಟದ ಸ್ವಲ್ಪ ಕೆಳಗಿನ ಎತ್ತರದಲ್ಲಿತ್ತು. ಬೀದಿ ಹೆಚ್ಚುಕಮ್ಮಿ ಸಮತಟ್ಟು. ಹಾಗಾಗಿ ಹತ್ತಿರದ ಸೌತೆಕಾಯಿ ಮಾರುವವರಿಗೂ, ಬೆರಳುಗುರಿನಷ್ಟು ಕಾಣುವ ದೂರದ ಭಕ್ತರಿಗೂ ಆ ಗೆರೆ ದಾಟುವುದು ಅದೇ ಸೊಂಟದ ಕೆಳಗೇ. ತಲೆಗಳನ್ನು ಎಲ್ಲಿ ಇಡಬೇಕು ಅಂತ ಯೋಚಿಸುವುದೇ ಬೇಡ. ಎದ್ದು ನಿಂತು ಬಿಡಿಸಿದರೆ ಗೆರೆ ಎಲ್ಲರ ಕಣ್ಣಿನ ಹತ್ತಿರ ಹೋಗುತ್ತದೆ, ಚಿತ್ರದ ಸ್ವಭಾವವೇ ಬೇರೆ ಆಗುತ್ತದೆ.

ಕಂಬಗಳ ನಡುವಿನ ಜಾಗ ಅಂದಾಜಿನಲ್ಲಿ ಬರುವುದಿಲ್ಲ, ಅದಕ್ಕೊಂದು ಉಪಾಯ ಇದೆ. ಮೊದಲ ಎರಡು ಕಂಬ ನೋಡಿಕೊಂಡೇ ಬಿಡಿಸಿ. ಎರಡನೇ ಕಂಬದ ಮಧ್ಯಕ್ಕೆ ಒಂದು ಗುರುತು ಹಾಕಿ. ಮೊದಲ ಕಂಬದ ತಲೆಯಿಂದ ಆ ಗುರುತಿನ ಮೂಲಕ ಓರೆಯಾಗಿ ಗೆರೆ ಎಳೆಯಿರಿ. ಅದು ಕಂಬಗಳ ಬುಡದ ಗೆರೆಗೆ ಎಲ್ಲಿ ತಾಗುತ್ತದೋ ಅಲ್ಲೇ ಮೂರನೇ ಕಂಬ. ಎರಡರಿಂದ ನಾಲ್ಕು, ಹೀಗೇ ಮುಂದಕ್ಕೆ. ಅಳತೆಪಟ್ಟಿ ಬೇಡ. ಹಳೇ ಮಂಟಪಗಳಲ್ಲಿ ಕಂಬಗಳು ನಿಜವಾಗಲೂ ಸಮ ದೂರದಲ್ಲಿ ಇರಬೇಕು ಅಂತೇನೂ ಇಲ್ಲ, ಕೊನೆಗೆ ಕಣ್ಣನ್ನೇ ನಂಬಿ.

ಗೋಪುರದ್ದು ಬೇರೆ ಕಥೆ. ಸುಮಾರು 50 ಮೀಟರ್ ಎತ್ತರ, ಮೇಲೆ ಹೋದಂತೆ ಕಿರಿದಾಗುತ್ತದೆ. ಆದರೆ ಅದು ಕಟ್ಟಿರುವುದೇ ಹಾಗೆ. ಕಣ್ಣಿನಿಂದಾಗಿ ಕಿರಿದಾಗುವುದು ಎಷ್ಟು, ಕಟ್ಟಿದವರು ಕಿರಿದು ಮಾಡಿದ್ದು ಎಷ್ಟು ಅಂತ ಹತ್ತಿರ ನಿಂತರೆ ಬಿಡಿಸಿ ಹೇಳಲು ಆಗುವುದಿಲ್ಲ. ದೂರ ಕೂತರೆ ಈ ಗೊಂದಲ ಕಮ್ಮಿ. ಕೈ ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ಮೇಲೆ ಹೆಬ್ಬೆರಳು ಜಾರಿಸಿ ಬುಡದ ಅಗಲ, ತುದಿಯ ಅಗಲ, ಎತ್ತರ ಮೂರನ್ನೂ ಹೋಲಿಸಿಕೊಂಡೆ. ಮೊಣಕೈ ಮಡಚಿದರೆ ಅಳತೆ ಕೆಟ್ಟಿತು ಅಂತಲೇ ಲೆಕ್ಕ.

ಆಮೇಲೆ ಮತಂಗ ಬೆಟ್ಟ ಹತ್ತಿದೆ. ಮತ್ತೆ ಸ್ಕೆಚ್‌ಬುಕ್ ಅಡ್ಡ ಹಿಡಿದು ನೋಡಿದರೆ, ಕೆಳಗೆ ಕೂತಾಗ ಆಕಾಶಕ್ಕೆ ಚಾಚಿದ್ದ ಗೋಪುರದ ಕಳಶವೂ ಈಗ ಗೆರೆಯ ಕೆಳಗಿದೆ! ನಾನು ಹತ್ತಿದಷ್ಟೂ ಗೆರೆಯೂ ಜೊತೆಗೆ ಹತ್ತಿ ಬಂದಿತ್ತು. ಪುಸ್ತಕದಲ್ಲಿ ಎಷ್ಟು ಓದಿದ್ದರೂ ಮೈಗೆ ಗೊತ್ತಾಗಿದ್ದು ಅಲ್ಲೇ. ಫೋಟೋ ನೋಡಿ ಬಿಡಿಸುವವರೂ ಇದನ್ನು ನೆನಪಿಡಬೇಕು: ಫೋನ್ ಎಷ್ಟು ಎತ್ತರದಲ್ಲಿತ್ತೋ ಗೆರೆ ಅಷ್ಟೇ ಎತ್ತರದಲ್ಲಿ.

ಹಂಪಿಗೆ ಹೋದರೆ ದೇವಸ್ಥಾನದ ಹಿಂಭಾಗದ ಕತ್ತಲೆ ಕೋಣೆಯನ್ನೂ ತಪ್ಪಿಸಬೇಡಿ. ಗೋಡೆಯ ಸಣ್ಣ ಕಿಂಡಿಯಿಂದ ಬೆಳಕು ನುಗ್ಗಿ ಎದುರು ಗೋಡೆ ಮೇಲೆ ರಾಜಗೋಪುರ ತಲೆಕೆಳಗಾಗಿ ಬೀಳುತ್ತದೆ. ಗೈಡ್‌ಗಳು ಪವಾಡದ ಹಾಗೆ ತೋರಿಸುತ್ತಾರೆ. ನಮ್ಮ ಕಣ್ಣೊಳಗೂ ಚಿತ್ರ ಬೀಳುವುದು ಹಾಗೇ, ತಲೆಕೆಳಗಾಗಿ. ಬೆಳಕೆಲ್ಲ ಒಂದೇ ಕಿಂಡಿಯಿಂದ ಹಾದುಬರಬೇಕು, ದೂರದ್ದು ಚಿಕ್ಕದಾಗುವುದು ಅದಕ್ಕೇ. 15ನೇ ಶತಮಾನದ ಆರಂಭದಲ್ಲಿ, ಇಲ್ಲಿ ವಿಜಯನಗರ ಮೆರೆಯುತ್ತಿದ್ದಾಗ, ಇಟಲಿಯ ಫ್ಲಾರೆನ್ಸ್‌ನಲ್ಲಿ ಬ್ರುನೆಲೆಸ್ಕಿ ಎಂಬ ವಾಸ್ತುಶಿಲ್ಪಿ ಮಾಡಿದ್ದೂ ಒಂಥರಾ ಇದನ್ನೇ. ಅಲ್ಲಿನ ಚರ್ಚಿನ ಎದುರಿರುವ ಸ್ನಾನದೀಕ್ಷೆಯ ಕಟ್ಟಡವನ್ನು ಹಲಗೆ ಮೇಲೆ ಬಿಡಿಸಿ, ಹಲಗೆಗೆ ತೂತು ಕೊರೆದು, ಹಿಂದಿನಿಂದ ಆ ತೂತಿಗೆ ಒಂದು ಕಣ್ಣಿಟ್ಟು ಎದುರು ಹಿಡಿದ ಕನ್ನಡಿಯಲ್ಲಿ ಚಿತ್ರ ನೋಡಲು ಹೇಳಿದ.

ಅದೇ ವಿರೂಪಾಕ್ಷನ ರಂಗಮಂಟಪದ ಚಾವಣಿ ನೋಡಿ. ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆ ಅಲ್ಲಿದೆ. ದೂರ, ಹತ್ತಿರ ಅನ್ನುವ ಲೆಕ್ಕವೇ ಇಲ್ಲ, ಎಲ್ಲರೂ ಸಾಲಾಗಿ ನಡೆಯುತ್ತಿದ್ದಾರೆ. ನಮ್ಮವರಿಗೆ ಪರ್ಸ್ಪೆಕ್ಟಿವ್ ಬರುತ್ತಿರಲಿಲ್ಲ ಅಂತ ಮೂಗು ಮುರಿಯುವವರನ್ನು ನಾನು ಒಪ್ಪುವುದಿಲ್ಲ. ಒಂದು ಕಣ್ಣು ಮುಚ್ಚಿ, ಒಂದೇ ಕಡೆ ಅಲ್ಲಾಡದೆ ನಿಂತವನಿಗೆ ಕಾಣುವುದು ಪರ್ಸ್ಪೆಕ್ಟಿವ್. ಮೆರವಣಿಗೆಯನ್ನು ಯಾರು ಹಾಗೆ ನೋಡುತ್ತಾರೆ?

ಮನೆಯಲ್ಲೇ ಅಭ್ಯಾಸ ಮಾಡುವವರು ಸ್ಟೀಲ್ ಲೋಟದಿಂದ ಶುರು ಮಾಡಿ. ಮೇಜಿನ ಮೇಲೆ ಇಟ್ಟು ಮೇಲಿನಿಂದ ನೋಡಿದರೆ ಬಾಯಿ ಚಪ್ಪಟೆ ಮೊಟ್ಟೆಯಾಕಾರ, ತಳ ಅದಕ್ಕಿಂತ ಜಾಸ್ತಿ ದುಂಡು, ಯಾಕೆಂದರೆ ತಳ ಕಣ್ಣಿನ ಮಟ್ಟದಿಂದ ಇನ್ನೂ ಕೆಳಗಿದೆ. ಮೇಜು ಸಪಾಟಾಗಿದೆ ಅಂತ ಗೊತ್ತಿರುವುದರಿಂದ ಕೈ ತಳಕ್ಕೆ ನೇರ ಗೆರೆ ಎಳೆಯಲು ಹೊರಡುತ್ತದೆ, ಹಿಡಿದು ನಿಲ್ಲಿಸಬೇಕು. ಲೋಟವನ್ನು ನಿಧಾನಕ್ಕೆ ಕಣ್ಣಿನ ತನಕ ಎತ್ತಿ, ಬಾಯಿ ಕಿರಿದಾಗುತ್ತಾ ಹೋಗಿ ಒಂದು ಗೆರೆಯಾಗುತ್ತದೆ.

ಇಷ್ಟು ಕೈಗೆ ಕೂತ ಮೇಲೆ ಮಡಿಕೇರಿಯಂಥ ಊರಿಗೆ ಹೋಗಿ ಇಳಿಜಾರು ರಸ್ತೆ ಬಿಡಿಸಿ ನೋಡಿ. ರಸ್ತೆ ಇಳಿಯುತ್ತಿದ್ದರೆ ಅದರ ಅಂಚುಗಳು ಸೇರುವ ಚುಕ್ಕೆ ಕಣ್ಣಿನ ಮಟ್ಟಕ್ಕಿಂತ ಕೆಳಗಿರುತ್ತದೆ. ಪಕ್ಕದ ಮನೆಗಳ ಕಿಟಕಿ, ಬಾಲ್ಕನಿ ಗೆರೆಗಳು ಮಾತ್ರ ಮಟ್ಟದ ಮೇಲೇ ಸೇರುತ್ತವೆ, ಯಾಕೆಂದರೆ ರಸ್ತೆ ಎಷ್ಟೇ ಓರೆ ಇದ್ದರೂ ಮೇಸ್ತ್ರಿ ಮನೆಯನ್ನು ಮಟ್ಟಗೋಲು ಇಟ್ಟೇ ಕಟ್ಟಿರುತ್ತಾನೆ.