ಮಾತು ಕೆಟ್ಟಿದೆ ಎನ್ನುವ ಮುನ್ನ

ನಾನು ದಾವಣಗೆರೆಯಲ್ಲಿ ಸ್ಪೀಚ್ ಥೆರಪಿಸ್ಟ್. ಲಕ್ವ ಹೊಡೆದು ಮಾತು ಹೋದವರನ್ನು ಕರೆತಂದಾಗ ನಾನು ಮೊದಲು ಮಾತಾಡಿಸುವುದು ಜೊತೆಗೆ ಬಂದವರನ್ನು. ಹೆಂಡತಿ, ಮಗ, ತಮ್ಮ, ಪಕ್ಕದ ಮನೆಯವರು, ಯಾರೇ ಆಗಲಿ, ಮಳೆ ಹೇಗೆ, ಮೆಕ್ಕೆಜೋಳದ ರೇಟು ಎಷ್ಟು ಅಂತ ಸ್ವಲ್ಪ ಹೊತ್ತು ಹರಟೆ ಹೊಡೆಯುತ್ತೇನೆ. ಒಪ್ಪಿದರೆ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ರೋಗಿಯ ಮಾತಿನಲ್ಲಿ ಏನು ಕೆಟ್ಟಿದೆ ಅಂತ ಬರೆಯಬೇಕಾದರೆ ಕೆಡುವ ಮೊದಲು ಅದು ಹೇಗಿತ್ತು ಅಂತ ಗೊತ್ತಿರಬೇಕಲ್ಲ. ಅದಕ್ಕೆ ಸಾಕ್ಷಿ ಆ ಮನೆಯವರೇ.

ಜಗಳೂರು ಕಡೆಯ ಅಜ್ಜ ಹಾಲಿಗೆ 'ಆಲು' ಅಂದರೆ ನಾನು ಉಚ್ಚಾರಣೆಯ ದೋಷ ಅಂತ ಗುರುತು ಹಾಕುವುದಿಲ್ಲ. ಜೊತೆಗೆ ಬಂದ ಮೊಮ್ಮಗನೂ 'ಆಲು' ಅಂತಾನೆ. ಹರಿಹರದವರು 'ಐತಿ' ಅಂದರೆ ಚಳ್ಳಕೆರೆಯವರು 'ಐತೆ' ಅಂತಾರೆ. ಆದರೆ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು, ಒಂದು ಹಕಾರವನ್ನೂ ಬಿಡದೆ ಮಾತಾಡುತ್ತಿದ್ದವರು, ಲಕ್ವ ಹೊಡೆದ ಮೇಲೆ 'ಆಲು' ಅಂದರೆ ಅದನ್ನು ಕೆಂಪು ಪೆನ್ನಿನಲ್ಲಿ ಬರೆದುಕೊಳ್ಳುತ್ತೇನೆ. ಒಂದೇ ಪದ, ಒಂದೇ ಉಚ್ಚಾರ. ಒಬ್ಬರಲ್ಲಿ ಅದು ಊರು, ಇನ್ನೊಬ್ಬರಲ್ಲಿ ರೋಗದ ಲಕ್ಷಣ.

ವ್ಯಾಕರಣದಲ್ಲಂತೂ ಈ ಎಚ್ಚರ ಇನ್ನೂ ಹೆಚ್ಚು ಬೇಕು. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ, 'ಟಾನ್' ಎಂಬ ಒಂದೇ ಶಬ್ದ ಉಳಿದಿದ್ದ ರೋಗಿಯೊಬ್ಬನ ಮಿದುಳನ್ನು ಅವನು ಸತ್ತ ಮೇಲೆ ಪರೀಕ್ಷಿಸಿ, ಎಡ ಮುಂಭಾಗದಲ್ಲಿ ಹಾನಿಯಾಗಿದ್ದನ್ನು ತೋರಿಸಿದ. ಮಿದುಳಿಗೆ ಪೆಟ್ಟಾಗಿ ಭಾಷೆ ಕೆಡುವುದಕ್ಕೆ ಅಫೇಸಿಯಾ ಅಂತಾರೆ. ಅವನ ಹೆಸರಿನ ಬ್ರೋಕಾ ಅಫೇಸಿಯಾದಲ್ಲಿ ಮಾತು ತಡವರಿಸುತ್ತದೆ, ವಾಕ್ಯದ ಸಣ್ಣ ಸಣ್ಣ ಅಂಶಗಳು ಉದುರಿ ಹೋಗುತ್ತವೆ. ಇಂಗ್ಲಿಷಿನವರಿಗೆ ಇದನ್ನು ಎಣಿಸುವುದು ಸುಲಭ, ಅಲ್ಲಿ ಅವನ್ನು ಬಿಟ್ಟರೆ ವಾಕ್ಯವೇ ಕೆಡುತ್ತದೆ. ಅದೇ ಅಳತೆಯನ್ನು ಇಲ್ಲಿಗೆ ತಂದರೆ ಇಡೀ ದಾವಣಗೆರೆಯೇ ರೋಗಿಯಾಗುತ್ತದೆ. 'ನಾನು' ಅನ್ನದೆ ಬರೀ 'ಬಂದೆ' ಅಂದರೆ ನಮಗೆ ಪೂರ್ತಿ ವಾಕ್ಯ. 'ನೀರನ್ನು ಕುಡಿದೆ' ಅಂತ ಮನೆಯಲ್ಲಿ ಯಾರೂ ಹೇಳುವುದಿಲ್ಲ, 'ನೀರು ಕುಡಿದೆ' ಅಷ್ಟೇ. ಆದರೆ 'ಮಗ ಕರಿ' ಅಂತಲೂ ಯಾರೂ ಅನ್ನುವುದಿಲ್ಲ, 'ಮಗನ್ನ ಕರಿ' ಅನ್ನಲೇಬೇಕು. ಹಾಗಾಗಿ ನನ್ನ ಚಿತ್ರಗಳಲ್ಲೆಲ್ಲ ಮನುಷ್ಯರೇ ಇರುತ್ತಾರೆ. 'ಹುಡುಗ ಮುದುಕನ್ನ ತಳ್ಳಿದ', 'ಹುಡುಗನ್ನ ಮುದುಕ ತಳ್ಳಿದ' ಅಂತ ಎರಡು ವಾಕ್ಯ ಹೇಳಿ, ಯಾವ ಚಿತ್ರ ಯಾವುದಕ್ಕೆ ಅಂತ ಕೇಳುತ್ತೇನೆ. ಇಲ್ಲಿ ಪದಗಳ ಕ್ರಮ ನಂಬಿ ಕೂತರೆ ಮೋಸ ಹೋಗುತ್ತಾರೆ, ಅರ್ಥವೆಲ್ಲ ಆ ಪುಟ್ಟ ಪ್ರತ್ಯಯದಲ್ಲಿದೆ. ಶಾಲೆ ಮೆಟ್ಟಿಲು ಹತ್ತದ ಅಜ್ಜಿಯರೂ ಇದನ್ನು ಸಲೀಸಾಗಿ ಹೇಳುತ್ತಾರೆ. ವ್ಯಾಕರಣಕ್ಕೆ ಪೆಟ್ಟಾದವರು ಇಲ್ಲೇ ಎಡವುತ್ತಾರೆ.

ಕ್ರಿಯಾಪದದ್ದು ಇನ್ನೊಂದು ಸಂಕಟ. ಕನ್ನಡದಲ್ಲಿ ಪ್ರತ್ಯಯ ಕಳಚಿ ಬಿದ್ದರೆ ಉಳಿಯುವುದು ಆಜ್ಞೆ. 'ನಾನು… ಊರು… ಹೋಗು' ಅಂತ ಹೇಳುವವರು 'ಊರಿಗೆ ಹೋಗ್ತೀನಿ' ಅನ್ನಲು ಒದ್ದಾಡುತ್ತಿರುತ್ತಾರೆ. 'ಮಾವಾರಿಗೇ ಹೋಗು ಅಂತಾರ್ರಿ ಮೇಡಂ, ಯಾವತ್ತೂ ಹಂಗ್ ಅಂದೋರಲ್ಲ' ಅಂತ ಒಬ್ಬ ಹೆಣ್ಣುಮಗಳು ನನ್ನೆದುರು ಅತ್ತಳು. ಗಂಡ ತನ್ನ ತಂದೆಗೆ ಎದುರು ಮಾತಾಡುತ್ತಿಲ್ಲ, ಅವನ ಕೈಗೆ ಸಿಗುತ್ತಿರುವುದು ಧಾತು ಮಾತ್ರ ಅಂತ ಬಿಡಿಸಿ ಹೇಳಿದ ಮೇಲೆ ಆ ಮನೆಯ ಮುನಿಸು ಕರಗಿತು. ಥೆರಪಿ ಶುರುವಾದದ್ದು ಆಮೇಲೆ.

ಪದವೇ ಅಲ್ಲದ ಪದಗಳ ವಿಷಯಕ್ಕೂ ಇದೇ ಎಚ್ಚರ ಬೇಕು. 'ದೋಸೆ ಗೀಸೆ ತಿಂದ್ರಾ' ಅನ್ನುವಾಗಿನ 'ಗೀಸೆ' ಯಾವ ನಿಘಂಟಿನಲ್ಲೂ ಇಲ್ಲ, ನಮ್ಮ ಬಾಯಲ್ಲಿ ದಿನಾ ಇದೆ. 'ಮಂಡಕ್ಕಿ ಗಿಂಡಕ್ಕಿ' ಅನ್ನುವ ಮಗುವಿಗೂ ಅದರ ನಿಯಮ ಗೊತ್ತು: ಮೊದಲಕ್ಷರ ಹ್ರಸ್ವವಾದರೆ ಗಿ, ದೀರ್ಘವಾದರೆ ಗೀ. ಜೊತೆಗಾರ ಪದದ ಬೆನ್ನಿಗೇ ಬಂದರೆ ಸರಿ. 'ಗೀಸೆ' ಒಂಟಿಯಾಗಿ ವಾಕ್ಯದ ನಡುವೆ ಬಂದು ಕೂತರೆ ನನ್ನ ಕಿವಿ ನೆಟ್ಟಗಾಗುತ್ತದೆ.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಈ ಕೆಲಸಕ್ಕೆ ಬುನಾದಿ ಹಾಕಿಕೊಟ್ಟಿದೆ. ಅಫೇಸಿಯಾ ಅಳೆಯುವ ವೆಸ್ಟರ್ನ್ ಅಫೇಸಿಯಾ ಬ್ಯಾಟರಿ ಎಂಬ ಪರೀಕ್ಷೆಯ ಕನ್ನಡ ರೂಪ ನನ್ನ ಮೇಜಿನ ಮೇಲೆ ಸದಾ ಇರುತ್ತದೆ, ಅದಿಲ್ಲದೆ ನಾನು ವರದಿ ಬರೆಯುವುದಿಲ್ಲ. ಅದರ ಪಕ್ಕದಲ್ಲಿಟ್ಟುಕೊಳ್ಳಲು ನಮ್ಮ ಸೀಮೆಯದೊಂದು ಅಳತೆ ಬೇಕೆನಿಸಿತು. ಅದಕ್ಕೇ ಆರೋಗ್ಯವಾಗಿರುವ ಹಿರಿಯರ ಜೊತೆ ಕೂತೆ. ನಮ್ಮ ಬೀದಿಯವರು, ನೆಂಟರ ಹಳ್ಳಿಯವರು, ಹಿಂದೆ ಹತ್ತಿ ಮಿಲ್ಲಿನಲ್ಲಿ ದುಡಿದವರು. ಆಸ್ಪತ್ರೆಯಲ್ಲಿ ಕೇಳುವ ಪ್ರಶ್ನೆಗಳನ್ನೇ ಕೇಳಿದೆ.

'ಇವತ್ತು ತಾರೀಖು ಎಷ್ಟು?' ಅಂದರೆ ಬಹಳ ಜನ ಸುಮ್ಮನಾದರು. 'ಇವತ್ತು ಯಾವ ದಿನ ಅಜ್ಜಾರೆ?' ಅಂದರೆ, 'ಉಗಾದಿ ಆಗಿ ಎರಡ್ನೇ ಅಮಾಸಿ ನಾಡಿದ್ದು, ಇವತ್ತು ನಮ್ಮೂರ ಸಂತಿ' ಅಂತ ಒಬ್ಬರು ಹೇಳಿದರು. ಕಾಲದ ಅರಿವು ಇದಕ್ಕಿಂತ ಖಚಿತವಾಗಿರಬೇಕೆ? 'ಕ ಅಕ್ಷರದಿಂದ ಶುರುವಾಗೋ ಪದ ಹೇಳಿ' ಅಂದಾಗ ಅಕ್ಷರ ಕಲಿಯದವರು ತಬ್ಬಿಬ್ಬಾದರು. ಪದವನ್ನು ಶಬ್ದಗಳಾಗಿ ಒಡೆದು ನೋಡುವುದು ಹೆಚ್ಚಾಗಿ ಓದು ಕಲಿಯುವುದರಿಂದ ಬರುವ ಗುಣ. ಅದೇ ಅಜ್ಜಿ 'ಸಂತೆಯಲ್ಲಿ ಸಿಗೋ ತರಕಾರಿ ಹೇಳಿ' ಅಂದಾಗ ನಾನು ಬರೆದುಕೊಳ್ಳಲಾರದಷ್ಟು ವೇಗದಲ್ಲಿ ಹೇಳಿದರು. ಘೇಂಡಾಮೃಗದ ಚಿತ್ರ ಗುರುತಿಸದವರು ಮೊರ, ಒನಕೆ, ಕುಡುಗೋಲು ಕಂಡ ಕೂಡಲೇ ಹೆಸರು ಹೇಳಿದರು.

ಈ ಪಾಠ ಹೊಸದೇನಲ್ಲ. ರಷ್ಯಾದ ಮನೋವಿಜ್ಞಾನಿ ಅಲೆಕ್ಸಾಂಡರ್ ಲೂರಿಯಾ 1930ರ ದಶಕದ ಶುರುವಿನಲ್ಲಿ ಉಜ್ಬೇಕಿಸ್ತಾನದ ಹಳ್ಳಿಗರಿಗೆ ಸುತ್ತಿಗೆ, ಗರಗಸ, ಮರದ ದಿಮ್ಮಿ, ಕೊಡಲಿಗಳ ಚಿತ್ರ ತೋರಿಸಿ ಗುಂಪಿಗೆ ಸೇರದ್ದು ಯಾವುದು ಅಂತ ಕೇಳಿದ್ದ. ದಿಮ್ಮಿಯನ್ನು ಬಿಡಲು ಅವರು ಒಪ್ಪಲಿಲ್ಲ, ಮರವೇ ಇಲ್ಲದಿದ್ದರೆ ಗರಗಸದಿಂದ ಕೊಯ್ಯುವುದೇನನ್ನು? ನಮ್ಮ ದೇಶದಲ್ಲೂ ಹರಿಯಾಣದ ಬಲ್ಲಭಗಢದ ಹಳ್ಳಿಗಳಿಗಾಗಿ ಓದು ಬರಹ ಬಾರದವರಿಗೆ ಒಪ್ಪುವಂತೆ ನೆನಪು, ಬುದ್ಧಿಶಕ್ತಿ ಅಳೆಯುವ ಹಿಂದಿ ಪರೀಕ್ಷೆಯೊಂದು 1995ರಲ್ಲಿ ಪ್ರಕಟವಾಯಿತು. ಬುದ್ಧಿ ಮಂಕಾಗಿದೆ ಎಂಬ ಗೆರೆಯನ್ನು ಎಲ್ಲಿ ಎಳೆಯಬೇಕು ಅನ್ನುವುದು ಪ್ರಶ್ನೆ ಕೇಳುವವರ ಹೊಣೆಯೂ ಹೌದು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಗೆರೆ ತಪ್ಪು ಕಡೆ ಬಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಒಬ್ಬರ ಕಥೆ ಹೇಳಬೇಕು. ನಡುವಯಸ್ಸಿನ ರೈತರು. ಬೆಳಿಗ್ಗೆ ಹೊಲದಿಂದ ಬಂದವರು ಜಗಲಿ ಮೇಲೆ ಕೂತು ಮಾತಾಡುತ್ತ ಮಾತಾಡುತ್ತ, 'ಆ ತಿರಣೆಗೆ ಹಚ್ಚಿ ಕೊಡ್ಲಾರ್ದೆ ಮುಗುಣಿನ ಇಟ್ಟೋರು ಯಾರು' ಅನ್ನತೊಡಗಿದರು. ಕೈಕಾಲು ನೆಟ್ಟಗಿವೆ, ಬಾಯಿ ಸೊಟ್ಟಗಾಗಿಲ್ಲ, ದನಿಯ ಏರಿಳಿತ ಮೊದಲಿನಂತೆಯೇ ಇದೆ. ಮನೆಯವರು ಮೈಮೇಲೆ ಬಂದಿದೆ ಅಂದುಕೊಂಡರು. ಹೊತ್ತು ಮೀರಿದರೂ ಇಳಿಯದಾಗ, 'ನಮ್ಮಪ್ಪಾಜಿಗೆ ತಲಿ ಕೆಟ್ಟೈತ್ರಿ' ಅಂತ ಮಗ ಹುಚ್ಚಿನ ಔಷಧ ಕೇಳಿಕೊಂಡು ತಿರುಗಿದ. ನನ್ನ ಹತ್ತಿರ ಬರುವಷ್ಟರಲ್ಲಿ ವಾರಗಳೇ ಕಳೆದಿದ್ದವು.

ಇದು ವರ್ನಿಕೆ ಅಫೇಸಿಯಾ. ಜರ್ಮನಿಯ ವೈದ್ಯ ಕಾರ್ಲ್ ವರ್ನಿಕೆ 1874ರಲ್ಲಿ ವಿವರಿಸಿದ್ದು. ಹಾನಿಯಾಗುವುದು ಮಿದುಳಿನ ಎಡಬದಿಯಲ್ಲಿ, ಕಿವಿಯ ಹತ್ತಿರದ ಟೆಂಪೊರಲ್ ಭಾಗದ ಹಿಂಬದಿಗೆ. ಕೈಕಾಲು ಆಡಿಸುವ ಭಾಗ ಅಲ್ಲಿಂದ ದೂರ, ಅದಕ್ಕೇ ಮೈಯಲ್ಲಿ ಲಕ್ವದ ಗುರುತು ಕಾಣದೆ ಹೋಗಬಹುದು. ಅವರ ಮಾತನ್ನು ಇನ್ನೊಮ್ಮೆ ನೋಡಿ: 'ತಿರಣೆ' ಅನ್ನುವ ಪದವಿಲ್ಲ, ಆದರೆ ಅದರ ಮುಂದಿನ 'ಗೆ' ಸರಿಯಾದ ಜಾಗದಲ್ಲಿದೆ. 'ಮುಗುಣಿ' ಇಲ್ಲ, ಆದರೆ 'ನ' ಇದೆ. ದೂರದಿಂದ ಕೇಳಿದರೆ ಅಚ್ಚ ಕನ್ನಡ.

ಮೈಮೇಲೆ ಬಂದಿದೆ ಅಂದುಕೊಂಡ ಮನೆಯವರನ್ನು ನಾನು ಹೀಗಳೆಯಲಾರೆ. ನಮ್ಮ ಕಡೆ ಮೈಲಾರದ ಕಾರಣಿಕಕ್ಕೆ ಹೋಗದ ಊರಿಲ್ಲ. ಗೊರವಯ್ಯ ಬಿಲ್ಲೇರಿ 'ಸದ್ದಲೇ' ಅಂದರೆ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಅವನು ನುಡಿಯುವ ಒಗಟಿನಂಥ ಒಂದು ಸಾಲಿನಲ್ಲಿ ವರ್ಷದ ಮಳೆ ಬೆಳೆ ಹುಡುಕುತ್ತಾರೆ. ಆದರೆ ಆ ನುಡಿಗೆ ಒಂದು ದಿನವಿದೆ, ಜಾಗವಿದೆ, ಇಳಿದ ಮೇಲೆ ಗೊರವಯ್ಯ ಎಲ್ಲರಂತೆ ಮಾತಾಡುತ್ತಾನೆ. ನಾನು ಮನೆಯವರಿಗೆ ಕೇಳುವ ಪ್ರಶ್ನೆಗಳೂ ಇವೇ: ಯಾವಾಗ ಶುರುವಾಯಿತು, ಎಲ್ಲಿ, ನಡುವೆ ಒಮ್ಮೆಯಾದರೂ ಮೊದಲಿನಂತಾದರೇ? ಮನೋರೋಗವೋ ಅಫೇಸಿಯಾವೋ ಅಂತ ಬೇರ್ಪಡಿಸಲು ಇನ್ನೂ ಎರಡು ನೋಡುತ್ತೇನೆ. ಮನೋರೋಗದಲ್ಲಿ ಸಾಮಾನ್ಯವಾಗಿ ಪದಗಳು ನಿಜವಾದವೇ, ಅವುಗಳ ನಡುವಿನ ಸಂಬಂಧ ವಿಚಿತ್ರ. 'ಕಣ್ಣು ಮುಚ್ಚಿ', 'ಈ ಪದ ಹಾಗೇ ಹೇಳಿ' ಅಂದರೆ ಹೆಚ್ಚಿನವರು ಮಾಡುತ್ತಾರೆ. ಈ ರೈತರಿಗೆ ಎರಡೂ ಆಗಲಿಲ್ಲ. ಸ್ಕ್ಯಾನಿನಲ್ಲಿ ಕಾರಣ ಕಂಡಿತು, ಲಕ್ವವೇ.

ಅವರ ಹೆಂಡತಿಗೆ ಮೊದಲು ಹೇಳಿಕೊಟ್ಟದ್ದು ಕೂಗಬೇಡಿ ಅಂತ, ಅವರ ಕಿವಿ ಚೆನ್ನಾಗಿದೆ, ಕೇಳಿದ್ದರ ಅರ್ಥ ಆಗುತ್ತಿಲ್ಲ ಅಷ್ಟೇ. ಒಂದು ಸಲಕ್ಕೆ ಒಂದೇ ಮಾತು, ಜೊತೆಗೆ ವಸ್ತುವನ್ನು ಕೈಯಲ್ಲಿ ಹಿಡಿದು ತೋರಿಸುವುದು, ಉತ್ತರಕ್ಕೆ ಕಾಯುವುದು. ತಿಂಗಳುಗಳ ನಂತರ ಅವರಿಗೆ ತಮ್ಮ ಮಾತು ತಪ್ಪುತ್ತಿದೆ ಅನ್ನುವುದು ಗೊತ್ತಾಗತೊಡಗಿತು. ನಡುವೆ ನಿಲ್ಲಿಸಿ ತಲೆ ಅಲ್ಲಾಡಿಸುವರು. ಅದು ದೊಡ್ಡ ಹೆಜ್ಜೆ. ಆದರೆ ಆ ಮೊದಲ ದಿನ ಕಳೆದುಕೊಂಡದ್ದು ಮರಳಿ ಬರಲಿಲ್ಲ. ರಕ್ತನಾಳದ ಹೆಪ್ಪು ಕರಗಿಸುವ ಔಷಧ ಕೊಡಲು ಸಾಮಾನ್ಯವಾಗಿ ಇರುವುದು ಲಕ್ಷಣ ಶುರುವಾದ ಮೇಲಿನ ನಾಲ್ಕೂವರೆ ಗಂಟೆ. ಇದ್ದಕ್ಕಿದ್ದಂತೆ ಯಾರಾದರೂ ಅರ್ಥವಿಲ್ಲದ ಮಾತಾಡತೊಡಗಿದರೆ, ಕೈಕಾಲು ಎಷ್ಟೇ ಗಟ್ಟಿಯಾಗಿರಲಿ, ಸ್ಕ್ಯಾನ್ ಇರುವ ಆಸ್ಪತ್ರೆಗೆ ಓಡಿ.

ಎರಡು ಭಾಷೆಯ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ. ತಾಂಡಾದಲ್ಲಿ ಲಂಬಾಣಿ. ಮೊಳಕಾಲ್ಮೂರು ಕಡೆ ತೆಲುಗು. ಲಕ್ವದ ನಂತರ ಮೊದಲು ಕಲಿತ ಭಾಷೆ ಉಳಿಯುತ್ತದೆ ಅಂತ 1880ರ ದಶಕದಲ್ಲಿ ಫ್ರಾನ್ಸಿನ ಮನೋವಿಜ್ಞಾನಿ ರಿಬೋ ಹೇಳಿದ, ಹೆಚ್ಚು ಬಳಸಿದ ಭಾಷೆ ಮೊದಲು ಮರಳುತ್ತದೆ ಅಂತ 1895ರಲ್ಲಿ ಅಲ್ಲಿನದೇ ವೈದ್ಯ ಪಿತ್ರ್ ಹೇಳಿದ. ನಾನು ಎರಡನ್ನೂ ನೋಡಿದ್ದೇನೆ, ಎರಡೂ ಅಲ್ಲದ್ದನ್ನೂ ನೋಡಿದ್ದೇನೆ. ಒಬ್ಬ ವ್ಯಾಪಾರಿ ದುಡ್ಡು ಎಣಿಸುವುದು ಕನ್ನಡದಲ್ಲಿ, ಮಗಳನ್ನು ಕರೆಯುವುದು ಉರ್ದುವಿನಲ್ಲಿ. ಮಾತು ಬೆರಕೆಯಾಗುವುದು ಇಲ್ಲಿ ರೋಗವಲ್ಲ, ಎಲ್ಲರೂ ಬೆರೆಸುತ್ತಾರೆ. ಹಾಗಾಗಿ ಕನ್ನಡ ಮಾತ್ರ ಬಲ್ಲ ಯಾರನ್ನಾದರೂ ಎದುರಿಗೆ ಕೂರಿಸುತ್ತೇನೆ. ಎದುರಿನವರಿಗೆ ತಿಳಿಯುತ್ತಿಲ್ಲ ಅಂತ ಗೊತ್ತಿದ್ದೂ ರೋಗಿಗೆ ಉರ್ದುವಿನಿಂದ ಹೊರಬರಲಾಗದಿದ್ದರೆ ಆಗ ಬರೆದುಕೊಳ್ಳುತ್ತೇನೆ. ಅಂಗನವಾಡಿಯಲ್ಲಿ ಬಾಯಿಬಿಡದ ತಾಂಡಾದ ಮಗುವನ್ನು ಕರೆತಂದರೆ ಅಜ್ಜಿಯನ್ನೂ ಕರೆತರಲು ಹೇಳುತ್ತೇನೆ. ಲಂಬಾಣಿಯಲ್ಲೂ ಓರಗೆಯವರಿಗಿಂತ ಹಿಂದಿದ್ದರೆ ಮಾತ್ರ ಅದು ಭಾಷೆಯ ತೊಂದರೆ. ಕನ್ನಡದಲ್ಲಿ ಮಾತ್ರ ಹಿಂದಿದ್ದರೆ ಅದು ಕನ್ನಡ ಕಲಿಯುತ್ತಿರುವ ಮಗು, ಅಷ್ಟೇ.

ಗೆರೆಯ ಮೇಲೇ ನಿಂತವರೂ ಬರುತ್ತಾರೆ. ಎಪ್ಪತ್ತು ದಾಟಿದವರು, ಹೆಸರುಗಳು ನಾಲಿಗೆಗೆ ಬರುತ್ತಿಲ್ಲ, 'ಅದು… ಏನಂತಾರೆ ಅದಕ್ಕೆ' ಅಂತ ತಡಕಾಡುತ್ತಾರೆ. ಇದು ವಯಸ್ಸೋ, ಮರೆವಿನ ರೋಗದ ಶುರುವೋ? ಒಂದೇ ಭೇಟಿಯಲ್ಲಿ ನಾನು ತೀರ್ಪು ಕೊಡುವುದಿಲ್ಲ. ಮೊದಲಕ್ಷರ ಹೇಳಿಕೊಟ್ಟರೆ ಹೆಸರು ಬರುತ್ತದೆಯೇ, ಜನರ ಹೆಸರು ಮಾತ್ರವೋ ಅಥವಾ ದಿನಾ ಹಿಡಿಯುವ ಸೌಟಿನ ಹೆಸರೂ ಹೋಗಿದೆಯೇ ಅಂತ ನೋಡಿ, ಆರು ತಿಂಗಳು ಬಿಟ್ಟು ಮತ್ತೆ ಬರಲು ಹೇಳುತ್ತೇನೆ. ಹಳೆಯ ವಾಟ್ಸಾಪ್ ವಾಯ್ಸ್ ಮೆಸೇಜುಗಳಿದ್ದರೆ ಅಳಿಸದೆ ತನ್ನಿ ಅನ್ನುತ್ತೇನೆ. ಎರಡು ವರ್ಷದ ಹಿಂದೆ ಮೊಮ್ಮಗಳಿಗೆ ಕಳಿಸಿದ 'ಊಟ ಆತೇನವ್ವ, ಮಳಿ ಬಂತೇನು ಅಲ್ಲಿ' ಅನ್ನುವ ಅರ್ಧ ನಿಮಿಷದ ಮೆಸೇಜನ್ನು ಇವತ್ತಿನ ಮಾತಿನ ಪಕ್ಕ ಇಟ್ಟು ಕೇಳಿದರೆ, ಯಾವ ಫಾರಂನಲ್ಲೂ ಸಿಗದ ಹೋಲಿಕೆ ನನಗೆ ಸಿಗುತ್ತದೆ.